ಕಿವಿ ಅವರದು, ಗಂಟಲು ನನ್ನದು

ಸೊಲ್ಲಾಪುರದ ಹತ್ತಿರದ ಕುಂಭಾರಿಯಲ್ಲಿ ನಮ್ಮ ಮನೆಯ ಗುಟ್ಟು ಗೊತ್ತಿಲ್ಲದವರು ಒಬ್ಬರೇ ಒಬ್ಬರಿದ್ದಾರೆ. ಅವರು ನಮ್ಮ ಮಾವನವರು!

ಉಳಿದವರಿಗೆಲ್ಲ ಗೊತ್ತು. ಯಾಕೆ ಗೊತ್ತಿರಬಾರದು? ಮಾವನವರಿಗೆ ಒಂದು ಮಾತು ಹೇಳಬೇಕೆಂದರೆ ಹೊಟ್ಟೆಯಿಂದ ಉಸಿರೆಳೆದು ಕೂಗಬೇಕು. ಆ ಮಾತು ಓಣಿಯ ಕೊನೆಯ ಮನೆಗೆ ಮುಟ್ಟುತ್ತದೆ, ಎದುರಿಗೆ ಕೂತ ಮಾವನವರಿಗೆ ಮುಟ್ಟುವುದಿಲ್ಲ. ‘ಮಾಮಾ, ಗುಳಿಗಿ ತಗೊಂಡ್ರೀ?’ ಎಂದು ನಾನು ಕೂಗಿದರೆ, ಮೂರನೆಯ ಮನೆಯ ಹೆಂಗಸು ತನ್ನ ಅಂಗಳದಿಂದ, ‘ತಗೊಂಡಾರವ್ವಾ, ಈಗ ನಾ ನೋಡೇನಿ!’ ಎಂದು ಉತ್ತರ ಕೊಡುತ್ತಾಳೆ. ಮಾವನವರು ಪತ್ರಿಕೆಯಿಂದ ತಲೆಯೆತ್ತಿ, ‘ಆಂ?’ ಎನ್ನುತ್ತಾರೆ.

ಇದನ್ನು ಅವರು ಒಂದು ಕೊರತೆ ಎಂದು ಒಪ್ಪಿದ್ದೇ ಇಲ್ಲ. ಸೊಲ್ಲಾಪುರದ ಪವರ್‌ಲೂಮಿನಲ್ಲಿ ಜನ್ಮವಿಡೀ ಜಾಬರ್ ಆಗಿದ್ದವರು ಅವರು. ಅಂದರೆ ಕೆಟ್ಟ ಲೂಮುಗಳನ್ನು ಸರಿಮಾಡುವವರು. ಲೂಮು ಓಡುತ್ತಿರುವಾಗ ಅದರ ಪಕ್ಕದಲ್ಲಿ ಬಗ್ಗಿ ನಿಂತು ರೋಗ ಹುಡುಕುತ್ತಿದ್ದವರು. ಅಷ್ಟು ಚಾದರಗಳು ಹೊರಬಿದ್ದವು, ಕಿವಿ ಒಳಗೇ ಉಳಿಯಿತು. ‘ಮಷೀನಿನ ಮುಂದ ದುಡದ ಕಿವಿ ಇದು. ಕುಂತು ಉಂಡವರ ಕಿವಿ ಅಲ್ಲ’ ಎಂದು ಮೀಸೆ ತಿರುವುತ್ತಾರೆ. ಕಿವುಡನ್ನೂ ಪದಕದ ಹಾಗೆ ತೋರಿಸುವವರನ್ನು ನೀವು ನೋಡಿದ್ದೀರಾ?

ಇರಲಿ, ಪದಕ ಅವರ ಬಳಿಯೇ ಇರಲಿ ಎಂದು ನಾನೂ ಸುಮ್ಮನಿರುತ್ತಿದ್ದೆ, ನನ್ನ ಗಂಟಲು ಕೈಕೊಡದಿದ್ದರೆ. ನಾನು ಸೊಲ್ಲಾಪುರದ ಒಂದು ಸಾಲೆಯಲ್ಲಿ ಒಂದನೆಯ ಇಯತ್ತೆಯ ಬಾಯಿ, ಅಂದರೆ ಒಂದನೆಯ ತರಗತಿಯ ಶಿಕ್ಷಕಿ. ಮಕ್ಕಳಿಗೆ ಅ ಆ ಇ ಈ ಹೇಳಿಕೊಡುವವಳು. ಮಳೆಗಾಲದಲ್ಲಿ ಒಂದು ದಿನ ಹಾಡು ಹೇಳಿಕೊಡಲು ಬಾಯಿ ತೆರೆದರೆ ದನಿಯೇ ಇಲ್ಲ, ಬರೀ ಗಾಳಿ! ಮಕ್ಕಳು ಅದೇ ಹಾಡೆಂದು ತಿಳಿದು ಗಾಳಿಯನ್ನೇ ಊದಿದವು. ಗಂಟಲಿನ ಡಾಕ್ಟರು ಕೊಳವೆ ಇಳಿಸಿ ನೋಡಿ, ದನಿಯ ತಂತಿಯ ಮೇಲೆ ಗಂಟು ಎದ್ದಿವೆ ಎಂದರು. ‘ಒದರೂದು ಬಿಡ್ರಿ ಬಾಯಿ. ಸಾಲ್ಯಾಗ ಬಿಡ್ತೀರೋ ಮನ್ಯಾಗ ಬಿಡ್ತೀರೋ ನೀವ ಠರಸ್ರಿ. ಹಿಂಗ ನಡದ್ರ ದನಿ ಪೂರಾ ಹೋಗ್ತದ, ಆಮ್ಯಾಲ ನಾನೂ ಏನೂ ಮಾಡಾಕ ಬರೂದಿಲ್ಲ.’

ಸಾಲೆ ಬಿಡುವ ಮಾತೇ ಇಲ್ಲ. ಆ ಕೆಲಸ ಬಿಟ್ಟರೆ ನನಗೆ ಬೇರೆ ಏನೂ ಬರುವುದಿಲ್ಲ, ಬೇರೆ ಏನೂ ಬೇಕಾಗಿಯೂ ಇಲ್ಲ. ಹಾಗಾದರೆ ಮನೆಯಲ್ಲಿ ಒದರುವುದು ನಿಲ್ಲಬೇಕು. ಆದರೆ ‘ಮಾಮಾ, ನಾನು ಇನ್ನು ಒದರುವ ಹಾಗಿಲ್ಲ’ ಎಂದು ಮಾವನವರಿಗೆ ತಿಳಿಸುವುದು ಹೇಗೆ? ಒದರಿಯೇ ತಿಳಿಸಬೇಕಲ್ಲ!

ನನ್ನ ಗಂಡ ಉಪಾಯ ಹೇಳಿದರು. ‘ಸುಮ್ನ ಕಿವಿ ಮಷೀನ್ ತಂದ್ಬಿಡೂನು. ನಿನ್ನ ಗಂಟಲದ ಮಾತು ಅಪ್ಪಾಗ ಹೇಳ್ಬ್ಯಾಡ. ತನ್ನಿಂದ ಆತು ಅಂತ ಮನಸಿಗೆ ಹಚ್ಕೋತಾನ.’

ಹೇಳಲಿಲ್ಲ. ಮಾವನವರನ್ನು ನವಿ ಪೇಠದ ಹತ್ತಿರದ ಒಂದು ದವಾಖಾನೆಗೆ ಕರೆದುಕೊಂಡು ಹೋದೆವು. ಕಿವಿಯ ಅಳತೆ ತೆಗೆಯಲು ಅಲ್ಲಿನ ಹುಡುಗಿ ಡಾಕ್ಟರು ಗುಲಾಬಿ ಬಣ್ಣದ ಹಿಟ್ಟನ್ನು ಕಿವಿಯೊಳಗೆ ತುಂಬಿದಳು. ಮಾವನವರು ಗಾಬರಿಯಿಂದ ಎದ್ದು ನಿಂತು, ‘ಇದ್ದಷ್ಟ ಕಿವೀನೂ ಕಿಡಕಿ ಗಾಜಿಗಿ ಹಚ್ಚೂ ಲಾಂಬಿ ಹಾಕಿ ಮುಚ್ಚಾಕತ್ತೀರೇನ?’ ಎಂದು ಗರ್ಜಿಸಿದರು. ಕೆಲವು ದಿನಗಳ ನಂತರ ಅದೇ ಅಳತೆಯ ಎರಡು ಪುಟ್ಟ ಮಷೀನುಗಳು ಬಂದವು. ಕಿವಿಯೊಳಗೇ ಕೂಡುವಂಥವು, ಶೇಂಗಾ ಬೀಜಕ್ಕಿಂತ ತುಸು ದೊಡ್ಡವು. ಕೆಂಪು ಗುರುತು ಬಲಕ್ಕೆ, ನೀಲಿ ಎಡಕ್ಕೆ. ಮಲಗುವಾಗ ತೆಗೆಯಬೇಕು, ಸೆಲ್ಲಿನ ಬಾಗಿಲು ತೆರೆದು ಪಸೆ ಹೀರುವ ಡಬ್ಬಿಯಲ್ಲಿಡಬೇಕು, ಪುಟ್ಟ ಬ್ರಶ್ಶಿನಿಂದ ಒರೆಸಬೇಕು. ನೀರು, ಎಣ್ಣೆ, ಪೌಡರು ತಾಗಬಾರದು. ಡಾಕ್ಟರು ಒಂದೊಂದು ಹೇಳಿದಾಗಲೂ ಮಾವನವರು ಗೋಣು ಹಾಕಿದರು. ನನಗೆ ಅಲ್ಲೇ ಸಂಶಯ ಬರಬೇಕಿತ್ತು. ಕೇಳದವರು ಎಲ್ಲದಕ್ಕೂ ಗೋಣು ಹಾಕುತ್ತಾರೆ!

ಮೊದಲ ದಿನವೇ ಶುರುವಾಯಿತು. ಊಟಕ್ಕೆ ಕೂತು ಕಡಕ್ ಭಾಕ್ರಿ ಕಡಿದವರು ಹೌಹಾರಿ ಕೈ ಹಿಂದೆಗೆದರು. ‘ನನ್ನ ಬಾಯಾಗ ಯಾರೋ ಗಿರಣಿ ಹಾಕ್ಯಾರ!’ ಆಮೇಲೆ ಮನೆಯಲ್ಲಿ ಎಲ್ಲೋ ಗುಂಯ್‌ಗುಡುವ ಸಪ್ಪಳ ಇದೆ, ಯಾವುದೋ ಮೋಟಾರು ಕೆಟ್ಟಿದೆ ಎಂದು ಹುಡುಕಲು ಹೊರಟರು. ಹಳೆಯ ಜಾಬರ್ ಅಲ್ಲವೇ? ಹುಡುಕಿಯೇ ಬಿಟ್ಟರು. ಫ್ರಿಜ್ಜು! ನಾನು ಸಾಲೆಯಿಂದ ಬರುವಷ್ಟರಲ್ಲಿ ಫ್ರಿಜ್ಜಿನ ಪ್ಲಗ್ಗು ನೆಲದ ಮೇಲೆ, ಹಾಲು ಒಡೆದು ಪನೀರು, ಮಾವನವರ ಮುಖದ ಮೇಲೆ ಗೆದ್ದ ನಗೆ. ‘ನಿಮಗ ಯಾರಿಗೂ ಗೊತ್ತಾಗಿರಲಿಲ್ಲ ನೋಡು. ಈಗ ಹ್ಯಾಂಗ ಶಾಂತ ಅದ!’

ಮುಂದಿನದು ಸೆಲ್ಲಿನ ಕಥೆ. ಆ ಗುಂಡನೆಯ ಸೆಲ್ಲುಗಳಿಗೆ ಒಂದೊಂದು ಬಣ್ಣದ ಪಟ್ಟಿ ಅಂಟಿಸಿರುತ್ತಾರೆ. ಪಟ್ಟಿ ಕಿತ್ತ ಕೂಡಲೇ ಸೆಲ್ಲು ಗಾಳಿ ಕುಡಿದು ಜೀವ ತಳೆಯುತ್ತದೆ, ಬಳಸಿದರೂ ಬಳಸದಿದ್ದರೂ ದಿನ ಕಳೆದಂತೆ ಸಾಯುತ್ತದೆ. ಮಾವನವರು ಒಂದು ಮಧ್ಯಾಹ್ನ ಬಿಡುವಾಗಿ ಕೂತು, ದೀಪಾವಳಿಯವರೆಗೆ ಸಾಕಾಗಬೇಕಿದ್ದ ಸೆಲ್ಲುಗಳ ಪಟ್ಟಿಯನ್ನೆಲ್ಲ ಕಿತ್ತು, ಸೋಸಿದ ಕೊತ್ತಂಬರಿಯಂತೆ ತಾಟಿನಲ್ಲಿ ಹರಡಿಟ್ಟಿದ್ದರು. ‘ನಿನಗ ಮುಂಜಾನಿ ಗಡಿಬಿಡಿ ಇರ್ತದಲ್ಲ ಸೂನಬಾಯಿ, ಅದಕ್ಕ ಸುಲದು ಇಟ್ಟೀನಿ!’ ಸೊಸೆಗೆ ಇಷ್ಟು ಸಹಾಯ ಮಾಡುವ ಮಾವ ಯಾರಿಗೆ ಸಿಗುತ್ತಾರೆ ಹೇಳಿ! ನಾನು ತಲೆಯ ಮೇಲೆ ಕೈಹೊತ್ತು ಕೂತೆ.

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಬೇರೆಯೇ ಇತ್ತು. ಮೊದಲ ಒಂದೆರಡು ದಿನ ಬಿಟ್ಟರೆ ಮಾವನವರು ಮಷೀನನ್ನು ಮನೆಯಲ್ಲಿ ಹಾಕಿಕೊಳ್ಳುತ್ತಲೇ ಇರಲಿಲ್ಲ! ಹೊರಗೆ ಹೊರಟರೆ ಬಿಳಿ ಧೋತರ, ಟೋಪಿ, ಕಿವಿ ಮಷೀನು. ಮನೆಗೆ ಬಂದರೆ ಧೋತರ ಗೂಟಕ್ಕೆ, ಮಷೀನು ಟ್ರಂಕಿಗೆ. ‘ಹೊಸಾ ವಸ್ತು, ಮನ್ಯಾಗ ಯಾಕ ಸವಸೂದು? ಮನ್ಯಾಗ ನೀವ ಇರ್ತೀರಿ, ನಾಕ ಮಂದಿ ಏನ್ ಬರ್ತಾರ?’ ಹೀಗಾಗಿ ಬಸ್ ನಿಲ್ದಾಣದಲ್ಲಿ ಹರಟುವವರ ಮಾತೆಲ್ಲ ಅವರಿಗೆ ಕೇಳಿಸುತ್ತಿತ್ತು, ಮನೆಯಲ್ಲಿ ನಾನು ಮತ್ತೆ ಒದರುತ್ತಿದ್ದೆ. ಮಷೀನು ಹಾಕಿಕೊಳ್ಳಿ ಎಂದೇ ದಿನಾ ಒದರುತ್ತಿದ್ದೆ. ಗಂಟಲಿನ ಬೇನೆ ಇಳಿಯುವ ಬದಲು ಇನ್ನೂ ಏರಿತು. ಸಾಲೆಯಲ್ಲಿ ನಾನು ಚಪ್ಪಾಳೆ ತಟ್ಟಿ, ಕರಿಹಲಗೆ ಬಡಿದು ಪಾಠ ನಡೆಸತೊಡಗಿದ್ದೆ.

ಅಷ್ಟರಲ್ಲಿ ಖಂಡೇನವಮಿ ಬಂತು. ದುಡಿಯುವ ಹತಾರಗಳನ್ನು ಪೂಜಿಸುವ ದಿನ. ಮಾವನವರು ತಮ್ಮ ಹಳೆಯ ಪಾನಾ, ಸುತ್ತಿಗೆ, ಒಂದು ಲಾಳಿ ಇವನ್ನೆಲ್ಲ ತೊಳೆದು ಸಾಲಾಗಿ ಇಟ್ಟು ಪೂಜೆ ಮಾಡುವುದು ರೂಢಿ. ಈ ಸಲ ಸಾಲಿನ ತುದಿಗೆ, ವೀಳ್ಯದೆಲೆಯ ಮೇಲೆ, ಕಿವಿ ಮಷೀನುಗಳೂ ಕೂತಿದ್ದವು! ಅರಿಷಿಣ, ಕುಂಕುಮ, ಅಕ್ಕಿಕಾಳು, ಚೆಂಡುಹೂವಿನ ಎಸಳು, ಮೇಲಿಂದ ಕಾಯಿ ಒಡೆದ ನೀರು. ನಾನು ಓಡಿ ಬಂದು ಕಿರುಚಿಕೊಂಡೆ. ಅವರಿಗೆ ಹೇಗೆ ಕೇಳಬೇಕು, ಕಿವಿ ಪೂಜೆಯಲ್ಲಿತ್ತಲ್ಲ!

ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡು, ‘ನೀ ಸ್ಕೂಟಿಗೆ ಹಾರ ಹಾಕಿದಿಲ್ಲ? ಗಾಲಿ ತಳಗ ಲಿಂಬಿಹಣ್ಣ ಇಟ್ಟಿ. ಇದಕ್ಕ ನಾಕ ಎಸಳು ಭಾರ ಆಗ್ತಾವೇನು?’ ಎಂದರು.

ಎರಡೂ ಮಷೀನು ಮೂಕವಾದವು. ದವಾಖಾನೆಯ ಹುಡುಗಿ ಡಾಕ್ಟರು ಸಣ್ಣ ಸೂಜಿಯಿಂದ ಅರಿಷಿಣ ಕೆರೆದು ತೆಗೆಯುತ್ತ, ‘ಕಾಕಾ, ಪೂಜಾ ಕೇಲೀ ಕಾ? ಪೂಜಾ ಮಾಡಿದ್ರೇನು?’ ಎಂದು ಅವರ ಕಿವಿಯ ಹತ್ತಿರ ಬಗ್ಗಿ ಕೇಳಿದಳು. ‘ಹೋ! ವರ್ಷದ ದಿನಾ!’ ಎಂದರು ಮಾವನವರು. ಅವಳು ನಗಲಿಲ್ಲ. ‘ನಾನೂ ಮಾಡೇನಿ ಕಾಕಾ. ಆದ್ರ ಕುಂಕುಮ ಮಷೀನಿನ ಡಬ್ಬಿಗೆ ಹಚ್ಚೇನಿ, ಅದರ ಬಾಯಾಗ ತುಂಬಿಲ್ಲ.’ ಮಾವನವರು ಇದು ಬಹಳ ಯೋಗ್ಯವಾದ ಮಾತೆಂದು ಗೋಣು ಹಾಕಿದರು.

ದೀಪಾವಳಿಯಲ್ಲಿ ಅಣ್ಣ-ತಂಗಿಯರ ಹಬ್ಬವಾದ ಭಾವೂಬೀಜಕ್ಕೆ ಅಕ್ಕಲಕೋಟೆಗೆ ಹೋದೆವು. ಅಲ್ಲಿ ಮಾವನವರ ತಂಗಿ, ನಮಗೆ ಅತ್ಯಾ, ಇರುತ್ತಾರೆ. ಪರಸ್ಥಳ, ಹಬ್ಬ, ತಂಗಿಯ ಕೈಯ ಆರತಿ. ಅಂದಮೇಲೆ ಧೋತರ, ಟೋಪಿ, ರಿಪೇರಿಯಾಗಿ ಬಂದ ಮಷೀನು ಎಲ್ಲ ಸರಿಯಾಗಿತ್ತು. ಆರತಿ ಮುಗಿಯುವಷ್ಟರಲ್ಲಿ ಹೊರಗೆ ಪಟಾಕಿ ಶುರುವಾಯಿತು. ಮಾವನವರು ‘ಅಯ್ಯಯ್ಯಪ್ಪ’ ಎಂದು ಎರಡೂ ಮಷೀನು ಕಿತ್ತು ಜೇಬಿಗೆ ಹಾಕಿಕೊಂಡದ್ದನ್ನು ನಾನೇ ಕಣ್ಣಾರೆ ಕಂಡೆ. ಅವರು ಚಿವಡಾದ ತಾಟು ಹಿಡಿದು, ಅದರೊಳಗಿನ ಶೇಂಗಾ ಮಾತ್ರ ಆರಿಸಿ ತಿನ್ನುತ್ತ ಮೂಲೆಯಲ್ಲಿ ಕೂತರು. ಅತ್ಯಾ ನನ್ನ ಗದ್ದ ಹಿಡಿದು ಕೇಳಿದರು.

‘ನಿನ್ನ ದನಿ ಯಾಕ ಹಿಂಗಾಗ್ಯದ? ಒಡಕ ಗಡಿಗಿ ಸಪ್ಪಳ ಬರಾಕತ್ಯದ.’

ಬಹಳ ದಿನದಿಂದ ತುಂಬಿಟ್ಟುಕೊಂಡದ್ದು ಹೊರಗೆ ಬಂತು. ಡಾಕ್ಟರು ಹೇಳಿದ್ದು, ಗಂಟು, ಸಾಲೆಯ ಚಪ್ಪಾಳೆ ಎಲ್ಲ ಹೇಳಿದೆ. ‘ಇವರಿಗಿ ಒದರಿ ಒದರಿ ಹಿಂಗಾತ್ರಿ ಅತ್ಯಾ. ದನಿ ಹೋದ್ರ ಸಾಲಿ ಬಿಡಬೇಕಾಗ್ತದ. ಮಷೀನ್ ತಂದೀವಿ, ಮನ್ಯಾಗ ಹಾಕ್ಕೋಳಂಗಿಲ್ಲ. ನಾ ಏನ್ ಮಾಡ್ಲಿ?’ ಎಂದು ಅತ್ತೂ ಬಿಟ್ಟೆ. ಮಾವನವರ ಎದುರಿಗೇ ಅವರ ಬಗ್ಗೆ ಮಾತಾಡುವುದು ನಮ್ಮಲ್ಲಿ ಯಾರಿಗೂ ಸಂಕೋಚದ ಸಂಗತಿಯಲ್ಲ, ಎಷ್ಟೋ ವರ್ಷದ ರೂಢಿ. ಅವರು ತಾಟಿನಿಂದ ಕಣ್ಣೆತ್ತಲಿಲ್ಲ. ಬಸ್ಸಿನಲ್ಲಿ ಕುಂಭಾರಿ ಬರುವವರೆಗೂ ಒಂದು ಮಾತಾಡಲಿಲ್ಲ. ಚಿವಡಾ ಹೆಚ್ಚಾಗಿರಬೇಕು ಎಂದುಕೊಂಡೆ.

ಮರುದಿನ ಮುಂಜಾನೆ ಭಾಕ್ರಿ ಬಡಿಯುತ್ತ, ರೂಢಿಯಂತೆ ‘ಮಾಮಾ, ನ್ಯಾರಿಗಿ ಬರ್ರೀ!’ ಎಂದು ತಿಂಡಿಗೆ ಕೂಗಿದೆ. ಮಾವನವರು ಎರಡೂ ಕೈ ಕಿವಿಗೆ ಅಡ್ಡ ಹಿಡಿದು ಅಡಿಗೆಮನೆಗೆ ಬಂದರು.

‘ಯಾಕ ಒದರ್ತಿ? ನಾ ಏನ್ ಕಿವುಡೇನು?’

ಕೈಯಲ್ಲಿದ್ದ ಹಿಟ್ಟನ್ನು ಹಂಚಿನ ಮೇಲೆ ಹಾಕಬೇಕೋ ಅವರ ತಲೆಗೆ ಮೆತ್ತಬೇಕೋ ತಿಳಿಯಲಿಲ್ಲ! ನೋಡಿದರೆ ಮಷೀನು ಕಿವಿಯಲ್ಲಿತ್ತು. ಅಂದಿನಿಂದ ಹೊಸ ಹುಚ್ಚು ಹಿಡಿಯಿತು. ಜಳಕವಾದ ಕೂಡಲೇ ಮಷೀನು, ಬ್ರಶ್ಶು, ಒರೆಸುವ ಬಟ್ಟೆ. ಕೂರಿಸಿಕೊಳ್ಳುವಾಗ ಅದು ಕುಂಯ್ ಎಂದು ಸೀಟಿ ಹೊಡೆದರೆ ನಾನು ಕುಕ್ಕರಿನ ಕಡೆ ಓಡುತ್ತಿದ್ದೆ. ಟಿವಿಯ ದನಿ ಇಳಿಯಿತು. ನನ್ನ ಗಂಡ ಬಚ್ಚಲಿನಿಂದ ಟವೆಲ್ಲಿಗಾಗಿ ಕೂಗಿದರೆ, ‘ಏ, ಆಕೀಗಿ ಉತ್ತರಾ ಕೊಡಾಕ ಹಚ್ಚಬ್ಯಾಡ, ನೀನ ಬಂದು ತಗೋ’ ಎಂದು ಗದರಿಕೆ. ಮೂರನೆಯ ಮನೆಯ ಹೆಂಗಸಿಗೂ, ‘ಅಲ್ಲಿಂದ ಯಾಕ ಮಾತಾಡ್ಸತಿ ಆಕೀಗಿ? ಒಳಗ ಬಾ’ ಎಂದು ಅಪ್ಪಣೆ. ನಾನು ತುಸು ದನಿ ಎತ್ತಿದರೆ ಸಾಕು, ‘ಹಗೂರ್ಕ, ಹಗೂರ್ಕ’ ಎನ್ನುತ್ತ ಎದುರಿಗೆ ಪ್ರತ್ಯಕ್ಷ! ಇಷ್ಟು ವರ್ಷ ಊರಿಗೆಲ್ಲ ಕೇಳುವಂತೆ ನನ್ನಿಂದ ಒದರಿಸಿದವರು ಈಗ ನನಗೇ ಮೆಲ್ಲಗೆ ಮಾತಾಡುವ ಪಾಠ ಹೇಳುತ್ತಾರಲ್ಲ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಗಂಟಲು ಮಾತ್ರ ಉರಿಯುವುದು ಕಡಿಮೆಯಾಗಿತ್ತು. ಸಾಲೆಯಲ್ಲಿ ಒಂದು ಹಾಡು ಪೂರಾ ಹೇಳಿಕೊಟ್ಟು ಬಂದೆ.

ಆಮೇಲೊಂದು ದಿನ ಮಾವನವರು ಎಡಗಡೆ ಭಾಕ್ರಿ ಅಗಿಯುವುದನ್ನು ಬಿಟ್ಟರು. ಕೇಳಿದರೆ ‘ಏನಿಲ್ಲ’. ಹತ್ತಿರ ಹೋಗಿ ನೋಡಿದೆ, ಕಿವಿಯ ಅಂಚಿನಲ್ಲಿ ಕೀವು. ಸ್ಕೂಟಿ ಹತ್ತಿಸಿಕೊಂಡು ನೇರ ದವಾಖಾನೆಗೆ ಹೋದೆ. ಡಾಕ್ಟರು ಮಷೀನು ತೆಗೆದು ಮೇಜಿನ ಮೇಲಿಟ್ಟು, ಬೆಳಕು ಬಿಟ್ಟು ನೋಡಿ, ತಾನೇ ಮುಖ ಕಿವುಚಿದಳು. ಎರಡೂ ಕಿವಿಯ ಒಳಗೆ ಚರ್ಮ ಸುಲಿದು ಹುಣ್ಣಾಗಿತ್ತು. ಅವಳು ಅವರ ಕಿವಿಯ ಬಳಿ ಬಾಯಿಟ್ಟು ಕೇಳಿದಳು: ‘ಕಾಕಾ, ಮಲಗಾಗ ಇದನ್ನ ತೆಗೀತೀರಲ್ಲ?’

ಮಾವನವರು ನೆಲ ನೋಡಿದರು.

ನನಗೆ ಸಿಟ್ಟು ನೆತ್ತಿಗೇರಿತು. ಡಬ್ಬಿ ದಿನಾ ರಾತ್ರಿ ಗೋಡೆಯ ಗೂಡಿನಲ್ಲಿ ಇರುತ್ತಿತ್ತಲ್ಲ! ‘ಖಾಲಿ ಡಬ್ಬಿ ಇಡ್ತಿದ್ದೆ’ ಎಂದರು ಮಾವನವರು, ನನ್ನ ಮುಖ ನೋಡಿ. ‘ನೀ ಬಯ್ತಿ ಅಂತ.’

‘ಹುಣ್ಣು ಮಾಯೂ ತನಕಾ ಇದು ಬಂದ್ ಕಾಕಾ. ಒಂದ ವಾರ ಹಾಕ್ಕೋಳಾಂಗಿಲ್ಲ’ ಎಂದಳು ಡಾಕ್ಟರು, ಮತ್ತೆ ಅವರ ಕಿವಿಯ ಬಳಿ ಬಾಯಿಟ್ಟು.

‘ಆಗೂದಿಲ್ಲ!’ ಎಂದರು ಮಾವನವರು. ಮಷೀನು ಕಿವಿಯಲ್ಲಿಲ್ಲದಾಗ ಅವರಿಗೆ ತಮ್ಮ ದನಿಯೂ ಕೇಳಿಸುವುದಿಲ್ಲ, ಆಡಿದ್ದೆಲ್ಲ ಗರ್ಜನೆಯೇ. ಹೊರಗೆ ಬೆಂಚಿನ ಮೇಲೆ ಕೂತಿದ್ದವರೆಲ್ಲ ಬಾಗಿಲಿನತ್ತ ತಿರುಗಿದರು. ‘ವಾರಗಟ್ಲೆ ಆಗೂದಿಲ್ಲ ಬಾಯಿ! ಆಕಿ ಗಂಟಲದಾಗ ಗಂಟು ಎದ್ದಾವ. ನನಗ ಒದರಿ ಒದರಿ ಎದ್ದಾವ. ಪಟಾಕಿ ನಿಂತ ಮ್ಯಾಲ ಮಷೀನ್ ಹಾಕ್ಕೊಂಡು ಕುಂತಿದ್ನಿ, ಎಲ್ಲಾ ಕೇಳೇನಿ. ನನ್ನ ಕಿವಿ ಹೋಗಿದ್ದು ಹೋತು, ಅದರಿಂದ ಯಾರಿಗಿ ಏನ್ ಲುಕ್ಸಾನ? ಆಕಿ ದನಿ ಸಣ್ಣ ಹುಡುಗೂರಿಗಿ ಬೇಕದ. ಇದನ್ನ ತೆಗದ್ರ ಆಕಿ ಮತ್ತ ಒದರ್ತಾಳ. ಮಲಗಾಗೂ ತೆಗೀಲಿಲ್ಲ ನಾ, ನಡು ರಾತ್ರ್ಯಾಗ ಏನಾರ ಕರದ್ರ ಆಕಿ ಒದರಬಾರ್ದು ಅಂತ. ದಿಂಬಿಗಿ ತಾಕಿದ್ರ ಸೀಟಿ ಹೊಡೀತಿತ್ತು, ಅದಕ್ಕ ಅಂಗಾತ ಮಲಗ್ತಿದ್ನಿ. ಹುಣ್ಣಿಗಿ ಏನಾರ ಮುಲಾಮ ಕೊಡ್ರಿ, ಆದ್ರ ಇದನ್ನ ಮಾತ್ರ ತೆಗೀಬ್ಯಾಡ್ರಿ!’

ಡಾಕ್ಟರು ನನ್ನ ಕಡೆ ನೋಡಿದಳು. ನಾನು ಗೋಡೆಯ ಕಡೆ ನೋಡಿದೆ. ಅಷ್ಟು ದಿನ ಎಷ್ಟೊಂದು ಬೈಗುಳ ಕೂಡಿಸಿಟ್ಟಿದ್ದೆ, ಒಂದೂ ನೆನಪಾಗಲಿಲ್ಲ. ಕಣ್ಣು ಒರೆಸಿಕೊಂಡು ಅವರ ಎದುರಿಗೆ ಹೋಗಿ ಮಂಡಿಯೂರಿ ಕೂತೆ.

‘ಮಾಮಾ, ಒಂದ ವಾರ ನಾ ನಿಮ್ಮ ಮುಂದ ಬಂದು ಹಿಂಗ ಕುಂತ ಮಾತಾಡ್ತೀನ್ರಿ’ ಎಂದೆ. ಒದರಬಾರದೆಂದು ಮೆಲ್ಲಗೆ ಹೇಳಿದ್ದಲ್ಲ, ಅದಕ್ಕಿಂತ ಜೋರಾಗಿ ದನಿ ಹೊರಡಲಿಲ್ಲ.

ಮಷೀನು ಎರಡೂ ಮೇಜಿನ ಮೇಲಿದ್ದವು. ಮಾವನವರು ‘ಆಂ?’ ಎನ್ನಲಿಲ್ಲ. ‘ಹೂಂ ಯವ್ವಾ’ ಎಂದರು.