ಕಾಣದ ನಾಲ್ಕು ಉತ್ತರ

ನಮ್ಮೂರಿಗೆ ಏನೇ ಹೊಸದು ಬರಲಿ, ಅದು ಮೊದಲು ಕೆಡುವುದು ನನ್ನ ಕೈಯಲ್ಲೇ. ಹರವೆ ಪಕ್ಕದ ಒಂದು ಹಳ್ಳಿಯ ಪಂಚಾಯ್ತಿ ಗ್ರಂಥಾಲಯದ ಮೇಲ್ವಿಚಾರಕ ನಾನು. ಎರಡು ಬೀರು ಪುಸ್ತಕ, ನಾಲ್ಕು ಪತ್ರಿಕೆ, ಒಂದು ಕಂಪ್ಯೂಟರ್ ನನ್ನ ಸಾಮ್ರಾಜ್ಯ. ಗ್ರಂಥಾಲಯದಲ್ಲಿ ಕಂಪ್ಯೂಟರ್ ಇದೆ ಅನ್ನುವ ಕಾರಣಕ್ಕೆ ನನಗೆ ಕಂಪ್ಯೂಟರ್ ಬರುತ್ತದೆ ಎಂದು ಊರಿನವರು ನಂಬಿದ್ದಾರೆ. ನಾನೂ ಇಲ್ಲ ಅನ್ನಲು ಹೋಗಿಲ್ಲ. ಕಳೆದ ಮುಂಗಾರಿನಲ್ಲಿ ಆದದ್ದಕ್ಕೆಲ್ಲ ಹಾಗೆ ಸುಮ್ಮನಿದ್ದದ್ದೇ ಮೂಲ.

ಯಜಮಾನ ಇಲ್ಲದ ಕಟ್ಟೆ

ನಮ್ಮ ರೈತರ ಮೊಬೈಲ್ ಗುಂಪಿನಲ್ಲಿ ಅರಿಶಿನದ ಎಲೆಚುಕ್ಕಿ ರೋಗಕ್ಕೆ ಔಷಧಿ ಕೇಳಿದರೆ, ಉತ್ತರ ಹುಡುಕಲು ನಲವತ್ತು ಶುಭೋದಯದ ಗುಲಾಬಿಗಳನ್ನು ದಾಟಬೇಕಿತ್ತು. ಇದನ್ನು ಕಂಡು ಮರುಗಿದ ಗುಂಡ್ಲುಪೇಟೆಯ ಕಂಪ್ಯೂಟರ್ ಮೇಷ್ಟ್ರೊಬ್ಬರು ನಮಗಾಗಿ ಚರ್ಚೆಯ ತಾಣ ಕಟ್ಟಿಕೊಟ್ಟರು. ಗುಂಡ್ಲುಪೇಟೆ ಕಡೆಯವರಿಗೆ ಒಂದು ಕಟ್ಟೆ, ಚಾಮರಾಜನಗರದ ಕಡೆಯವರಾದ ನಮಗೆ ಇನ್ನೊಂದು ಕಟ್ಟೆ. ಎರಡಕ್ಕೂ ಬೇರೆ ಬೇರೆ ಕಂಪ್ಯೂಟರ್, ಬೇರೆ ಬೇರೆ ನಿಯಮ. ಆದರೆ ಈ ಕಟ್ಟೆಯಲ್ಲಿ ಕೂತವನು ಎದ್ದು ಹೋಗದೆಯೇ ಆ ಕಟ್ಟೆಯವರ ಜೊತೆ ಮಾತಾಡಬಹುದು.

"ಇದಕ್ಕೆ ಕಂಪನಿ ಇಲ್ಲ, ಮಾಲೀಕ ಇಲ್ಲ, ಯಜಮಾನ ಇಲ್ಲ," ಎಂದು ಮೇಷ್ಟ್ರು ನಮ್ಮ ಗ್ರಂಥಾಲಯದಲ್ಲಿ ನಿಂತು ಹೆಮ್ಮೆಯಿಂದ ಹೇಳಿದರು.

ಮುಂದೆ ಕೂತಿದ್ದ ಹಿರಿಯರೊಬ್ಬರು ಬಾಯಲ್ಲಿದ್ದ ಎಲೆಅಡಿಕೆಯನ್ನು ದವಡೆಗೆ ಒತ್ತರಿಸಿ ಕೇಳಿದರು: "ಯಜಮಾನ ಇಲ್ದೆ ಇದ್ರೆ, ಜಗ್ಳ ಆದಾಗ ಯಾರ್ ತಾವ ಓಗದು?"

ಮೇಷ್ಟ್ರು ಹೇಳಿದರು: "ಮಾಡರೇಟರ್ ಅಂತ ಒಬ್ರು ಇರ್ತಾರೆ. ಬೈಗುಳ ಬಂದ್ರೆ ಅಳಿಸೋದು, ಜಗಳ ಬಿಡಿಸೋದು ಅವರ ಕೆಲಸ. ಸಂಬಳ ಇಲ್ಲ. ಎರಡೂ ಕಡೆಯವರು ಬೈತಾರೆ."

ಹಿರಿಯರು ನನ್ನ ಕಡೆ ಕೈ ತೋರಿಸಿದರು. "ಇವ್ನೇ ಸರಿ ಬುಡಿ. ಬೈಸ್ಕಳದು ಅಭ್ಯಾಸ ಅದೆ."

ಮನೆ ಬೀಜ

ಕಟ್ಟೆಗೆ ಮೊದಲ ಪ್ರಶ್ನೆ ತಂದವರು ನಮ್ಮ ಬೀದಿಯ ಕೊನೆಯ ಮನೆಯ ದೊಡ್ಡಮ್ಮ. ನನಗೆ ಸಂಬಂಧವೇನಲ್ಲ, ಅವರು ಊರಿಗೆಲ್ಲ ದೊಡ್ಡಮ್ಮ. ರಾಗಿ ಹೊಲದ ಸಾಲಿನಲ್ಲಿ ಅವರು ಸೊಗಡವರೆ ಹಾಕುತ್ತಾರೆ. ಅವರ ಮನೆಯಲ್ಲಿ ಅವರೆಕಾಳಿನ ಸಾರು ಕುದಿಯುತ್ತಿದ್ದರೆ ಬೀದಿಯಲ್ಲಿ ಹೋಗುವವರು ಸುಮ್ಮನೆ ಒಂದು ಮಾತಾಡಿಸುವ ನೆಪದಲ್ಲಿ ನಿಲ್ಲುತ್ತಿದ್ದರು. ಅದು ಅತ್ತೆಯ ಕೈಯಿಂದ ಬಂದ ಬೀಜ. ಆ ಸಲ ಮಡಕೆ ಬಿಚ್ಚಿದರೆ ಅಷ್ಟೂ ಹುಳ ತಿಂದು ಹಿಟ್ಟಾಗಿತ್ತು. ನಮ್ಮ ಕಡೆ ಮನೆ ಬೀಜ ಕಳೆದುಕೊಳ್ಳುವುದೆಂದರೆ ಹೆಂಗಸರಿಗೆ ತಲೆ ಎತ್ತಲಾಗದ ಮಾತು.

ದೊಡ್ಡಮ್ಮ ಆಚೆ ಈಚೆ ನೋಡಿ, ಗ್ರಂಥಾಲಯದಲ್ಲಿ ಯಾರೂ ಇಲ್ಲ ಎಂದು ಖಾತ್ರಿಯಾದ ಮೇಲೆ ಪಿಸುಗುಟ್ಟಿದರು. "ಅದೇನೋ ಕಟ್ಟೆ ಮಾಡ್ಕೊಂಡಿದ್ದೀರಂತಲ್ಲ, ಅಲ್ಲಿ ಕೇಳು. ಎರಡು ಹಿಡಿ ಸಿಕ್ರೂ ಸಾಕು, ಬೆಳುಸ್ಕತೀನಿ. ಇನ್ನೊಂದು ಮಳೆ ಬಿದ್ರೆ ಬಿತ್ತಬೇಕು ಕಣಪ್ಪ. ಆದ್ರೆ ನನ್ನೆಸ್ರು ಹಾಕ್ಬುಟ್ಟೀಯ! ನಿನ್ನೆಂಡ್ರಿಗೂ ಯೋಳ್ಬ್ಯಾಡ."

ನಾನು ಕಂಪ್ಯೂಟರ್ ಮುಂದೆ ಕೂತು, 'ಸೊಗಡವರೆ ಬಿತ್ತನೆ ಬೀಜ ತುರ್ತಾಗಿ ಬೇಕಾಗಿದೆ' ಎಂದು ಬರೆದು ಗುಂಡಿ ಒತ್ತಿದೆ. ಬರೆದದ್ದು ಮಾಯವಾಯಿತು. ಕಟ್ಟೆಯಲ್ಲಿ ನೋಡಿದರೆ ಏನೂ ಇಲ್ಲ. ಮತ್ತೆ ಬರೆದೆ, ಮತ್ತೆ ಮಾಯ. ಹೀಗೆ ಏಳು ಸಲ ಬರೆದು, ಬೆವರು ಒರೆಸಿಕೊಂಡು ಮೇಷ್ಟ್ರಿಗೆ ಫೋನ್ ಮಾಡಿದೆ.

"ನಿಮ್ಮ ಖಾತೇಲಿ ಭಾಷೆ ಯಾವುದು ಅಂತ ಹಾಕಿದ್ದೀರಿ?" ಎಂದು ಕೇಳಿದರು.

"ಇಂಗ್ಲಿಷ್. ಕಂಪ್ಯೂಟರಲ್ವಾ ಅಂತ."

"ಅದಕ್ಕೇ ಕನ್ನಡದ್ದು ನಿಮಗೆ ತೋರಿಸ್ತಾ ಇಲ್ಲ. ಉಳಿದೋರಿಗೆಲ್ಲ ಕಾಣ್ತಾ ಇದೆ ಸಾರ್. ಏಳೂ."

ಭಾಷೆ ಬದಲಾಯಿಸಿ, ಆರನ್ನು ಅಳಿಸುವಷ್ಟರಲ್ಲಿ ಸುದ್ದಿ ಹಬ್ಬಿತ್ತು. ಮಾರನೇ ದಿನ ಕೃಷಿ ಸಹಾಯಕರೊಬ್ಬರು ಬೈಕಿನಲ್ಲಿ ಹುಳದ ಔಷಧಿ ಕಟ್ಟಿಕೊಂಡು ಬಂದೇಬಿಟ್ಟರು. "ಈ ಊರಲ್ಲಿ ಏಳು ಮನೆ ಬಿತ್ತನೆ ಬೀಜ ಹಾಳಾಗಿದೆಯಂತಲ್ಲ, ಯಾವ್ಯಾವ ಮನೆ?" ಎಂದು ಕೇಳಿದರು. ನಾನು ತೊದಲಿದೆ. ಮೂಲೆಯಲ್ಲಿ ಪೇಪರಿನ ಚಿತ್ರ ನೋಡುವಂತೆ ಕೂತಿದ್ದ ದೊಡ್ಡಮ್ಮನ ಮುಖ ಮಾತ್ರ ಅರಳಿತು. ಸಹಾಯಕರು ಹೋದ ಮೇಲೆ ದೊಡ್ಡಮ್ಮ ನನ್ನ ಬಳಿ ಬಂದು ನಿಟ್ಟುಸಿರು ಬಿಟ್ಟರು. "ಏಳು ಮನೆಯೋರ್ದೂ ಓಯ್ತಾ? ಸದ್ಯ! ನಾನೊಬ್ಳೇ ಅನ್ಕೊಂಡು ಮೂರು ದಿನದಿಂದ ಊಟ ಬುಟ್ಟಿದ್ದೆ ಕಣಪ್ಪ."

ಕರೆಯದೆ ಹೋಗುವುದು ಹೇಗೆ

ಪ್ರಶ್ನೆ ಕಟ್ಟೆಯ ಮೇಲೆ ಎರಡು ದಿನ ಕೂತಿತ್ತು. ಗುಂಡ್ಲುಪೇಟೆ ಕಡೆಯಿಂದ ಒಬ್ಬರೂ ಬಾಯಿ ಬಿಡಲಿಲ್ಲ. ನನ್ನ ಹೆಂಡತಿಯ ತವರು ಆ ಕಡೆಯ ಭೀಮನಬೀಡು. ಅಲ್ಲಿ ಅವಳ ತಮ್ಮನಿಗೆ ಫೋನ್ ಹಚ್ಚಿದೆ.

"ನೋಡ್ದೆ ಕಣ್ ಭಾವ," ಅಂದ. "ಆದ್ರೆ ನಿಮ್ಮೂರ್ ಕಟ್ಟೇಲಿ ನಾವ್ ಎಂಗೆ ಬಾಯಾಕದು? ನೀವು ಕರದ್ರಾ?"

"ಇದಕ್ಕೆಲ್ಲ ಕರೀಬೇಕಾಗಿಲ್ಲ ಕಣೋ. ಎರಡು ಕಟ್ಟೆನೂ ಆಗ್ಲೇ ಕೂಡ್ಕೊಂಡಿವೆ."

"ಕಟ್ಟೆ ಕೂಡ್ಕೊಂಡಿರಬೋದು. ನಾವ್ ಕೂಡ್ಕಬೇಕಲ್ಲ?"

ಇದನ್ನು ಮೇಷ್ಟ್ರಿಗೆ ಹೇಳಿದರೆ, ಅವರು ಸರ್ವರ್ ಸಂಪರ್ಕ ಸರಿಯಾಗಿದೆ, ಎಲ್ಲ ಹಸಿರು ತೋರಿಸುತ್ತಿದೆ ಅಂದರು. ಹಸಿರು ಇದ್ದರೆ ಸಾಕೇ? ಭಾನುವಾರ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ. ಭೀಮನಬೀಡಿನಲ್ಲಿ ಹನ್ನೊಂದು ಮನೆಯ ಹೊಸ್ತಿಲಲ್ಲಿ ನಿಂತು, "ನಮ್ಮ ಕಟ್ಟೆಗೆ ಮನೆಮಂದಿಯೆಲ್ಲ ಬರಬೇಕು," ಎಂದು ವೀಳ್ಯ ಕೊಟ್ಟೆ. ಎಲ್ಲರೂ ಸಂತೋಷದಿಂದ ತೆಗೆದುಕೊಂಡರು. ಒಬ್ಬರು ಮಾತ್ರ "ಯಾವತ್ತು?" ಎಂದು ಕೇಳಿದರು. "ಯಾವತ್ತಾದರೂ," ಅಂದೆ. ಅಲ್ಲೇ ತಪ್ಪಾಯಿತು.

ಮರುದಿನ ಮಧ್ಯಾಹ್ನ ನನ್ನ ಭಾವಮೈದನೂ ಸೇರಿ ಆರು ಜನ ಬಿಳಿ ಪಂಚೆ ಉಟ್ಟುಕೊಂಡು ಬಸ್ಸಿನಿಂದ ಇಳಿದರು. ಕಟ್ಟೆ ಎಲ್ಲಿ ಎಂದು ಕೇಳಿದರು. ನಾನು ಕಂಪ್ಯೂಟರ್ ತೋರಿಸಿದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಊಟದ ಹೊತ್ತಾಯಿತು ಅಂದರು. ನನ್ನ ಹೆಂಡತಿ ಒಲೆ ಮುಂದೆ ಮುದ್ದೆ ತಿರುವುತ್ತಾ ನನಗೆ ಕೇಳಿಸುವಂತೆ ಹೇಳಿದಳು: "ಇಂಟರ್ನೆಟ್ ಬಂದು ಓಡಾಟ ತಪ್ತು ಅಂತಾರೆ. ನಮ್ಮನೇಲಿ ಮಾತ್ರ ಹೆಚ್ಚಾಯ್ತು."

ಮುಯ್ಯಾಳು

ಊಟ ಮಾಡಿ ಹೋದ ಮೇಲೆ ಅವರು ನಮ್ಮ ಕಟ್ಟೆಗೆ ನಿಜವಾಗಿಯೂ ಬಂದರು. ಬರಹ ಇಷ್ಟವಾದರೆ ಒತ್ತಲು ಒಂದು ಮೇಲ್ಮುಖದ ಬಾಣ ಇದೆ. ಅವರು ನಮ್ಮ ಎಲ್ಲ ಬರಹಕ್ಕೂ ಆ ಬಾಣ ಒತ್ತಿದರು. ಎರಡು ದಿನ ಕಳೆದ ಮೇಲೆ ಭಾವಮೈದನ ಫೋನ್ ಬಂತು. ದನಿ ಬಿಗಿಯಾಗಿತ್ತು. "ನಾವು ಹನ್ನೊಂದು ಮನೆಯೋರು ಬಂದು ನಿಮ್ಮ ಹೊಲ ಕಳೆ ತೆಗ್ದಂಗಾಯ್ತು. ನೀವು ಒಬ್ರೂ ನಮ್ ಕಡೀಕೆ ಬರ್ಲಿಲ್ವಲ್ಲ ಭಾವ?"

ನಮ್ಮಲ್ಲಿ ಒಬ್ಬರ ಹೊಲಕ್ಕೆ ಇನ್ನೊಬ್ಬರು ಆಳಾಗಿ ಹೋದರೆ, ಅವರು ತಿರುಗಿ ಇವರ ಹೊಲಕ್ಕೆ ಬರಬೇಕು. ಅದು ಮುಯ್ಯಾಳು. ಬಾಣಕ್ಕೂ ಅದೇ ನ್ಯಾಯ ಎಂದು ನನಗೆ ಹೊಳೆದಿರಲಿಲ್ಲ. ಸಂಜೆ ಊರಿನ ಇಪ್ಪತ್ತು ಜನರನ್ನು ಗ್ರಂಥಾಲಯದಲ್ಲಿ ಕೂರಿಸಿ, ಗುಂಡ್ಲುಪೇಟೆ ಕಟ್ಟೆಯ ಬರಹಗಳಿಗೆಲ್ಲ ಬಾಣ ಒತ್ತಿಸಿದೆ. ಯಾರೂ ಓದಲಿಲ್ಲ, ಹೊತ್ತಾಗಿತ್ತು. ಬೆಳಿಗ್ಗೆ ನೋಡಿದರೆ ಒಬ್ಬರ ಎಮ್ಮೆ ಸತ್ತುಹೋದ ಸುದ್ದಿಗೆ ನಮ್ಮೂರಿನ ಇಪ್ಪತ್ತೂ ಜನ ಶಭಾಶ್ ಅಂದಿದ್ದೆವು.

ಬಂಡೀಪುರದ ಹುಲಿ

ಇದೇ ಸಮಯಕ್ಕೆ ಗುಂಡ್ಲುಪೇಟೆ ಕಟ್ಟೆಯಿಂದ 'ಬಂಡೀಪುರದ ಹುಲಿ' ಎಂಬ ಹೆಸರಿನವನೊಬ್ಬ ವಕ್ಕರಿಸಿದ. ಕಾಡಿನಲ್ಲಿ ಕೆಲಸ ಮಾಡುವ ವಾಚರ್ ಇರಬೇಕು ಅಂದುಕೊಂಡೆ. ನಾನು ಏನೇ ಬರೆಯಲಿ, ಕೆಳಗೆ ಅವನದೊಂದು ಕುಟುಕು.

'ಸ್ವಚ್ಛತೆಯಿಂದ ಆರೋಗ್ಯ' ಎಂದು ನಾನು ಬರೆದರೆ, 'ಮೊದಲು ನಿಮ್ಮ ಹಿತ್ತಿಲ ಬಚ್ಚಲ ಮೋರಿ ನೋಡಿ' ಎಂದು ಅವನು. 'ಸಮಯಪಾಲನೆ' ಎಂದು ಬರೆದರೆ, 'ಮಾಡರೇಟರ್ ಎದ್ದ ಕೂಡಲೆ ಫೋನ್ ಹಿಡಿದರೆ ಡೈರಿಗೆ ಹಾಲು ಯಾರು ಹಾಕೋದು?' ಎಂದು.

ನನಗೆ ಗಾಬರಿಯಾಯಿತು. ಬಂಡೀಪುರದಲ್ಲಿ ಕೂತವನಿಗೆ ನನ್ನ ಬಚ್ಚಲ ಮೋರಿ ಕಟ್ಟಿಕೊಂಡಿರುವುದು ಹೇಗೆ ಗೊತ್ತು? ಕಾಡಿನಲ್ಲಿ ಹುಲಿ ಎಣಿಸಲು ಮರಕ್ಕೆ ಕ್ಯಾಮೆರಾ ಕಟ್ಟುತ್ತಾರಲ್ಲ, ಹಾಗೆ ನಮ್ಮ ಹಿತ್ತಲಲ್ಲೂ ಕಟ್ಟಿರಬಹುದೇ ಎಂದು ಹುಣಸೆಮರವನ್ನು ಸುತ್ತಿ ಸುತ್ತಿ ನೋಡಿದೆ. ಹೆಂಡತಿ ಬಾಗಿಲಲ್ಲಿ ನಿಂತು, "ಏನು ಹುಡುಕ್ತಿದ್ದೀರಿ?" ಎಂದು ಕೇಳಿದಳು. "ಏನಿಲ್ಲ," ಅಂದೆ. "ಹಂಗೇ ಮೋರಿನೂ ನೋಡ್ಬುಡಿ," ಅಂದಳು.

ಕೊನೆಗೆ ಸಿಟ್ಟು ಬಂದು, ಹುಲಿಯ ಹೆಸರಿನ ಮೇಲೆ ಒತ್ತಿ ಬ್ಲಾಕ್ ಮಾಡಿಬಿಟ್ಟೆ. ಮಾಡರೇಟರ್ ಆದ ಮೇಲೆ ನಾನು ತೋರಿದ ಮೊದಲ ಪರಾಕ್ರಮ ಅದು. ಹೋಟೆಲಿನಲ್ಲಿ ಟೀ ಕುಡಿಯುವಾಗ, "ಹುಲೀನ ಓಡಿಸ್ಬುಟ್ಟೆ ಕಣ್ರಪ್ಪ," ಎಂದು ಎಲ್ಲರಿಗೂ ಹೇಳಿದೆ. ಅವರು ಮುಖ ಮುಖ ನೋಡಿಕೊಂಡು ಟೀ ಲೋಟದಲ್ಲಿ ಮೂತಿ ಮುಚ್ಚಿಕೊಂಡರು. ನನ್ನ ಶೌರ್ಯಕ್ಕೆ ಬೆರಗಾಗಿದ್ದಾರೆ ಅಂದುಕೊಂಡೆ.

ನಾಲ್ಕು ಉತ್ತರ

ಅದಾದ ಮೇಲೆ ಅವರೆ ಬೀಜದ ಪ್ರಶ್ನೆಯ ಕೆಳಗೆ 'ಉತ್ತರ ೧' ಎಂದು ಬಂತು. ಆತುರದಿಂದ ತೆರೆದೆ. ಒಳಗೆ ಖಾಲಿ. ಮಾರನೇ ದಿನ 'ಉತ್ತರ ೨', ಆಮೇಲೆ ೩, ೪. ಹೊರಗೆ ಲೆಕ್ಕ ಏರುತ್ತಿತ್ತು, ಒಳಗೆ ಒಂದಕ್ಷರ ಇಲ್ಲ. ಭಾಷೆ ನೋಡಿದೆ, ಸರಿಯಿತ್ತು. ಕಂಪ್ಯೂಟರ್ ಆರಿಸಿ ಹಚ್ಚಿದೆ. ಗ್ರಂಥಾಲಯದ ದೀಪವನ್ನೂ ಆರಿಸಿ ಹಚ್ಚಿದೆ.

ಅಷ್ಟರಲ್ಲಿ ಆ ಇನ್ನೊಂದು ಮಳೆಯೂ ಬಿತ್ತು. ದೊಡ್ಡಮ್ಮ ಎಂದಿನಂತೆ ಬೆಳಿಗ್ಗೆಯೇ ಬಂದು ಕೂತರು. "ಬಂತಾ?"

"ನಾಲ್ಕು ಬಂದಿವೆ. ಆದ್ರೆ ಕಾಣ್ತಿಲ್ಲ ದೊಡ್ಡಮ್ಮ."

"ಬಂದದ್ದು ಕಾಣ್ದೆ ಎಲ್ಲಿಗೋಯ್ತದೆ?" ಎಂದವರು ಸೆರಗಿನಿಂದ ಮೂಗು ಒರೆಸಿಕೊಂಡರು. "ನಾಳಿಕ್ಕೆ ಬಿತ್ತಾಕೆ ಕೂರಿಗೆ ಕಟ್ತಾರೆ. ಹದ ಕಾಯಾಕಿಲ್ಲ ಕಣಪ್ಪ. ಅತ್ತೆ ಕೊಟ್ಟಿದ್ದ ನಾನೇ ಕಳ್ದಂಗಾಯ್ತು." ನನಗೆ ಇಷ್ಟು ದಿನ ಆಡಿದ ಆಟವೆಲ್ಲ ಬೇಡವಾಯಿತು.

ಮನೆಗೆ ಹೋಗಿ ಅಂಗಿ ಬದಲಾಯಿಸುವಾಗ ಹೆಂಡತಿ, "ಅಟ್ಟಕ್ಕೆ ಏಣಿ ಹಾಕಿ ಅಂತ ಎಷ್ಟು ದಿನದಿಂದ ಬಡ್ಕತಾ ಇದೀನಿ," ಅಂದಳು. ಫೋನಿನಲ್ಲಿ ಬಸ್ಸಿನ ಸಮಯ ನೋಡುತ್ತಾ, "ಹ್ಞೂಂ," ಎಂದು ಹೊರಟೆ. ತೆರಕಣಾಂಬಿ ದಾಟಿ ಗುಂಡ್ಲುಪೇಟೆ ತಲುಪುವವರೆಗೂ ಆ ನಾಲ್ಕು ಉತ್ತರದ್ದೇ ಯೋಚನೆ.

ಮೇಷ್ಟ್ರು ತಮ್ಮ ಫೋನಿನಲ್ಲಿ ತೆರೆದು, ಸಲೀಸಾಗಿ ಓದತೊಡಗಿದರು.

"ಒಂದು. 'ಸೊಗಡವರೆ ಬೀಜ ಎರಡು ಸೇರು ಇದೆ. ನಮ್ಮವ್ವ ಕೊಟ್ಟಿದ್ದು. ಬೂದಿ ಬೆರೆಸಿ ಇಟ್ಟಿದ್ದೀನಿ, ಹುಳ ಬಿದ್ದಿಲ್ಲ.' ಎರಡು. 'ಮಾಡರೇಟರೇ, ಯಾರಿಗೆ ಬೇಕು ಹೇಳಿ.' ಮೂರು. 'ಮಳೆ ಬರೋ ಹಂಗಿದೆ, ಕೇಳಿಸ್ತಾ?'"

"ಯಾರು ಬರೆದದ್ದು?"

"ನಾಲ್ಕೂ ಬಂಡೀಪುರದ ಹುಲಿ. ನೀವು ಬ್ಲಾಕ್ ಮಾಡಿದ್ದೀರಲ್ಲ ಸಾರ್? ಬ್ಲಾಕ್ ಮಾಡಿದ್ರೆ ಅವರು ಎಲ್ಲೂ ಹೋಗಲ್ಲ. ನಿಮ್ಮ ಕಣ್ಣಿಗೆ ಕಾಣಲ್ಲ, ಅಷ್ಟೆ. ಊರಿಗೆಲ್ಲ ಕಾಣ್ತಾರೆ. ನಾವೆಲ್ಲ ದಿನಾ ಓದ್ತೀವಿ, ಬಹಳ ಚೆನ್ನಾಗಿ ಬರೀತಾರೆ."

ಟೀ ಲೋಟದಲ್ಲಿ ಮುಚ್ಚಿದ್ದ ಮೂತಿಗಳು ಒಂದೊಂದಾಗಿ ನೆನಪಾದವು. "ನಾಲ್ಕನೇದು ಏನು?" ಎಂದು ಸಣ್ಣ ದನಿಯಲ್ಲಿ ಕೇಳಿದೆ.

"'ಮಡಕೆ ಅಟ್ಟದ ಮೇಲಿದೆ. ಏಣಿ ಹಾಕಿ ಅಂತ ಎಷ್ಟು ದಿನದಿಂದ ಬಡ್ಕತಾ ಇದೀನಿ.'"

ವಾಪಸು ಬಸ್ಸಿನಲ್ಲಿ ಸೀಟು ಖಾಲಿ ಇತ್ತು, ಆದರೂ ನಿಂತೇ ಬಂದೆ. ಮನೆಗೆ ಬಂದವನು ಏಣಿ ತಂದು ಅಟ್ಟಕ್ಕೆ ಹಾಕಿ, ಮಡಕೆ ಇಳಿಸಿದೆ. ಕೈ ಹಾಕಿದರೆ ಬೂದಿಯೊಳಗೆ ದುಂಡುದುಂಡನೆ ಬೀಜ. ಹೆಂಡತಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಅವತ್ತು ಮುದ್ದೆ ಉಣ್ಣಲು ಬಂದ ತಮ್ಮನೇ ಅವಳ ಫೋನಿಗೆ ಕಟ್ಟೆ ಹಾಕಿಕೊಟ್ಟು ಹೋಗಿದ್ದನಂತೆ. "ನಮ್ಮೂರಿನ ಕಟ್ಟೇಲೇ ಸೇರಬಹುದಿತ್ತಲ್ಲ?" ಅಂದರೆ, "ತವರಿನ ಕಟ್ಟೆ ಇರೋವಾಗ ನಾನ್ಯಾಕೆ ನಿಮ್ಮ ಕಟ್ಟೇಲಿ ಕೂರಲಿ?" ಅಂದಳು.

ಯಾರಿಗೆ ಬೀಜ ಎಂದು ಅವಳು ಕೇಳಲಿಲ್ಲ. ದಿನಾ ಬೆಳಿಗ್ಗೆ ಗ್ರಂಥಾಲಯಕ್ಕೆ ಯಾರು ಬಂದು ಕೂರುತ್ತಿದ್ದರು ಎಂಬುದು ಅವಳಿಗೆ ಗೊತ್ತಿತ್ತು. ಬೀಜವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ನನ್ನನ್ನೂ ಕರೆದುಕೊಂಡು ದೊಡ್ಡಮ್ಮನ ಮನೆಗೆ ಹೋಗಿ, "ನಮ್ಮವ್ವನ ಬೀಜ, ಹಾಳಾಗೋಯ್ತದೆ. ನಿಮ್ಮ ಹೊಲದಲ್ಲಿ ಒಂದೆರಡು ಸಾಲು ಬಿತ್ತಿ ಉಳಿಸ್ಕೊಡಿ ದೊಡ್ಡಮ್ಮ," ಎಂದಳು. ದೊಡ್ಡಮ್ಮ ಗಂಟು ಬಿಚ್ಚಿ, ಒಂದು ಬೀಜವನ್ನು ಮೂಗಿಗೆ ಹಿಡಿದರು. ಕಣ್ಣು ತುಂಬಿ ಬಂತು. ಆದರೆ ದನಿ ಮಾತ್ರ ಬಿಗುವಾಗಿಯೇ ಇತ್ತು. "ಕೊಡು ಕಣಮ್ಮಿ. ನಿಮ್ ಕಾಲ್ದೋರ್ಗೆ ಬೀಜ ಉಳಿಸ್ಕಳದು ಎಲ್ ಬತ್ತದೆ?"

ಮನೆಗೆ ಬಂದ ಮೇಲೆ ಹೆಂಡತಿಯ ಎದುರಿನಲ್ಲೇ ಫೋನ್ ತೆಗೆದು ಹುಲಿಯ ಬ್ಲಾಕ್ ತೆಗೆದೆ. "ನೋಡು, ತೆಗೆದುಬಿಟ್ಟೆ. ಮೇಷ್ಟ್ರು ಹೇಗೆ ಅಂತ ತೋರಿಸಿಕೊಟ್ಟರು," ಅಂದೆ.

ಅವಳು ಏಣಿಯನ್ನು ಎತ್ತಿ ಗೋಡೆಗೆ ಒರಗಿಸುತ್ತಾ ಹೇಳಿದಳು: "ಅಲ್ಲಿ ಬ್ಲಾಕ್ ಮಾಡಿದ್ದು ಒಂದು ವಾರ. ಮನೇಲಿ ಮಾಡಿ ಹದಿನೈದು ವರ್ಷ ಆಯ್ತಲ್ಲ, ಅದನ್ನ ತಗ್ಸಾಕೆ ಯಾವ್ ಮೇಷ್ಟ್ರ ತಾವ ಓಗಬೇಕು?"