ಗುಟ್ಟಿನ ಉಪವಾಸವೂ ಗುಂಜೋಟಿಯ ಚಹಾವೂ

ಸೈತಾನನನ್ನು ಸೋಲಿಸುವುದು ಅಷ್ಟೇನೂ ಕಷ್ಟವಲ್ಲ ಎಂದು ನಾನು ನಂಬಿಕೊಂಡಿದ್ದೆ. ಅವನು ಒಂದು ಸಲ ನನ್ನೆದುರಿಗೆ ಬರಬೇಕು, ಅಷ್ಟೆ!

ಗಡಿಯಾಚೆಯ ಉದಗೀರದಲ್ಲಿ ನಮ್ಮದೊಂದು ಸಣ್ಣ ಕನ್ನಡ ಕ್ರೈಸ್ತ ಸಭೆಯಿದೆ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು ಶುರುವಾದಾಗ ಪಾಸ್ಟರ್ ಹೇಳಿದರು: ಪ್ರತಿಯೊಬ್ಬರೂ ತಮಗೆ ಬಹಳ ಪ್ರಿಯವಾದದ್ದೊಂದನ್ನು ಬಿಟ್ಟು ಪ್ರಾರ್ಥನೆ ಮಾಡಿ, ಸೈತಾನನ ವಿರುದ್ಧದ ಹೋರಾಟಕ್ಕೆ ಬೇಕಾದ ಬಲವನ್ನು ಕರ್ತನೇ ಕೊಡುತ್ತಾನೆ. ಆದರೆ ಉಪವಾಸವನ್ನು ಊರಿಗೆಲ್ಲ ತೋರಿಸಿಕೊಳ್ಳಬೇಡಿ. ಅದು ಪರಲೋಕದ ತಂದೆಗೆ ಗೊತ್ತಿದ್ದರೆ ಸಾಕು.

ನನಗೆ ವಿಪರೀತ ಕುತೂಹಲ ಹುಟ್ಟಿತು. ಈ ಬಲ ಬರುವುದಾದರೂ ಹೇಗೆ? ತೋಳಿಗೆ ಬರುತ್ತದೋ, ತಲೆಗೆ ಬರುತ್ತದೋ? ಬಂದಾಗ ನಮಗೆ ಗೊತ್ತಾಗುತ್ತದೋ ಇಲ್ಲವೋ? ನೋಡಿಯೇ ಬಿಡೋಣವೆಂದು ಚಹಾ ಬಿಟ್ಟೆ. ನನ್ನ ಮೈಯಲ್ಲಿ ರಕ್ತಕ್ಕಿಂತ ಚಹಾ ಜಾಸ್ತಿ ಎಂದು ನನ್ನ ಹೆಂಡತಿ ಸುವಾರ್ತಾ ಬಂದವರಿಗೆಲ್ಲ ಹೇಳುತ್ತಾಳೆ. ಅಂಥ ಚಹಾ! ಗುಟ್ಟು ಎಂದರೆ ಗುಟ್ಟು, ಅವಳಿಗೂ ಹೇಳಲಿಲ್ಲ.

ಮೊದಮೊದಲು ತಲೆ ಸಿಡಿಯಿತು. ಕಣ್ಣು ಮುಚ್ಚಿ ಪ್ರಾರ್ಥಿಸಿದರೆ ಕಪ್ಪು-ಬಸಿ ಕಾಣುತ್ತಿದ್ದವು. ಆದರೂ ಬಿಡದೆ ಬೇಡಿಕೊಂಡೆ. ಖರೆ ಹೇಳುತ್ತೇನೆ, ಸಹಾಯ ಬಂತು! ಒಂದು ದಿನ ಚಹಾದ ನೆನಪೇ ಆಗದೆ ಸಂಜೆಯಾಯಿತು. ಎಲ್ಲಿಂದ ಬಂತಪ್ಪಾ ಇದು ಎಂದು ಬೆರಗಾಗಿ ಕೂತೆ. ಅಲ್ಲಿಗೇ ದೇವರಿಗೆ ಸ್ತೋತ್ರ ಹೇಳಿ ಸುಮ್ಮನಿದ್ದರೆ ಆಗುತ್ತಿತ್ತು. ನಾನು ಎದೆ ಉಬ್ಬಿಸಿದೆ.

ಅದೇ ವಾರ ಗುಂಜೋಟಿಗೆ ಹೆಣ್ಣು ನೋಡಲು ಹೋಗುವುದಿತ್ತು. ನನ್ನ ಅಕ್ಕನ ಮಗ ದಾನಿಯೇಲ ತಂದೆತಾಯಿ ಇಲ್ಲದ ಹುಡುಗ, ನಮ್ಮ ಮನೆಯಲ್ಲೇ ಬೆಳೆದವನು. ಹುಡುಗಿ ರೂತ್, ಉಮರ್ಗಾದ ಒಂದು ಆಸ್ಪತ್ರೆಯಲ್ಲಿ ನರ್ಸು. ಇಬ್ಬರೂ ಯುವಜನರ ಕೂಟವೊಂದರಲ್ಲಿ ಭೇಟಿಯಾಗಿ ಒಬ್ಬರನ್ನೊಬ್ಬರು ಮೆಚ್ಚಿದ್ದರು. ಇನ್ನು ಹಿರಿಯರು ಮೆಚ್ಚಬೇಕಿತ್ತು. ದಾನಿಯೇಲ ಹೊರಡುವ ಮೊದಲು ನನ್ನ ಕೈ ಹಿಡಿದು, "ಮಾಮಾ, ನೀ ಏನೂ ಕೆಡಸಬ್ಯಾಡ, ಅಷ್ಟ ಸಾಕು" ಎಂದ. ನಾನು ನಕ್ಕೆ. ಕೆಡಿಸುವ ಮನುಷ್ಯನೇ ನಾನು?

ದಾರಿಯಲ್ಲಿ ನಿಲಂಗಾ ಬಸ್‌ಸ್ಟ್ಯಾಂಡಿನಲ್ಲಿ ಶುಂಠಿ ಚಹಾದ ವಾಸನೆ ಮೂಗಿಗೆ ಬಡಿಯಿತು. ಗೆದ್ದೆ! ಗುಂಜೋಟಿ ತಲುಪುವಷ್ಟರಲ್ಲಿ ನಾನು ಅರ್ಧ ಸಂತನಾಗಿದ್ದೆ.

ಹುಡುಗಿಯ ತಂದೆ ಯೋಹಾನಪ್ಪ ಟೇಲರ್. ಆಳಂದ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು. ಕುಶಲ ಕೇಳಿ ಮುಗಿಯುತ್ತಲೇ ರೂತ್ ಚಹಾದ ತಾಟು ಹಿಡಿದು ಬಂದಳು. ನಮ್ಮ ಕಡೆ ಹುಡುಗಿ ತಂದ ಚಹಾವನ್ನು ಹಿರಿಯ ಮುಟ್ಟಲಿಲ್ಲವೆಂದರೆ ಹುಡುಗಿ ಒಪ್ಪಿಗೆಯಿಲ್ಲವೆಂದೇ ಅರ್ಥ. ಇದು ಗೊತ್ತಿಲ್ಲದ ಹೆಡ್ಡ ನಾನಲ್ಲ. ಆದರೆ ಆ ಹೊತ್ತಿನಲ್ಲಿ ನನ್ನ ತಲೆಯೊಳಗೆ ಸೈತಾನನೊಬ್ಬನನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ!

"ನನಗ ಬ್ಯಾಡವಾ" ಎಂದೆ.

ಯೋಹಾನಪ್ಪನವರ ಮುಖ ಸಣ್ಣದಾಯಿತು. "ಯಾಕ್ರಿ ಬೀಗರ? ಒಂದು ಗುಟುಕರೆ ತಗೋರಿ."

ಉಪವಾಸವೆಂದರೆ ಗುಟ್ಟು ಹೋಗುತ್ತದೆ. "ಶುಗರ್ ಅದರಿ ನನಗ" ಎಂದುಬಿಟ್ಟೆ.

"ಅಯ್ಯ, ಮೊದಲ ಹೇಳಬಾರದೇನ್ರಿ!" ಎಂದು ಹುಡುಗಿಯ ತಾಯಿ ಒಳಗೆ ಓಡಿ ಸಕ್ಕರೆಯಿಲ್ಲದ ಚಹಾ ತಂದರು. ಹಾಲು ಕುಡಿದರೆ ಪಿತ್ತ ಕೆರಳುತ್ತದೆ ಎಂದೆ. ಕರಿ ಚಹಾ ಬಂತು. ಬಿಸಿ ತಾಗಿದರೆ ಹಲ್ಲು ಜುಮ್ಮೆನ್ನುತ್ತದೆ ಎಂದೆ. ಅದನ್ನು ಬಸಿಯಲ್ಲಿ ಆರಿಸಿ ಇಟ್ಟರು. ನನ್ನ ಮುಂದೆ ಚಹಾದ ಅಂಗಡಿಯೇ ತೆರೆಯಿತು. ಸುವಾರ್ತಾ ನನ್ನ ತೊಡೆ ಚಿವುಟಿ, "ಏನ್ರೀ, ಹುಚ್ಚು ಹಿಡದದೇನು?" ಎಂದು ಪಿಸುಗುಟ್ಟಿದಳು. ಅತ್ತ ಹುಡುಗಿಯ ತಾಯಿ ಗಂಡನಿಗೆ, "ಸೋದರಮಾವಗ ಇಷ್ಟೆಲ್ಲ ಬ್ಯಾನಿ ಅವ, ನಾಳಿ ಹುಡುಗಗೂ ಬಂದ್ರ ಹ್ಯಾಂಗ?" ಎನ್ನುವುದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಅಷ್ಟರಲ್ಲಿ ರೂತ್ ಶುಗರ್ ನೋಡುವ ಮಶೀನು ತಂದಳು. ಎಷ್ಟಾದರೂ ನರ್ಸು! "ಕಾಕಾ, ಬಸ್ಸಿನಾಗ ಅಷ್ಟು ದೂರದಿಂದ ಬಂದೀರಿ, ಬೆರಳು ಕೊಡ್ರಿ" ಎಂದಳು. ನಾನು ಬೇಡವೆನ್ನುವಷ್ಟರಲ್ಲಿ ಚುಚ್ಚಿ ಆಗಿತ್ತು. ಮಶೀನು ನೋಡಿದಳು, ನನ್ನ ಮುಖ ನೋಡಿದಳು.

"ಕಾಕಾ, ನಿಮಗ ಶುಗರ್ ಇಲ್ರಿ."

ಯೋಹಾನಪ್ಪ ಎದ್ದು ಕಪ್ಪುಗಳನ್ನು ಒಂದೊಂದಾಗಿ ತಾಟಿಗೆ ಎತ್ತಿಟ್ಟರು. "ತಿಳೀತ್ರಿ. ಹುಡುಗಿ ಬ್ಯಾಡ ಅಂದ್ರ ಬ್ಯಾಡ ಅಂತ ಹೇಳ್ರಿ. ಇಷ್ಟು ನಾಟಕ ಯಾಕ್ರಿ? ಬಡವರಾದ್ರೂ ಮರ್ಯಾದಿ ಅದ ನಮಗ."

ರೂತ್ ಕಣ್ಣು ತುಂಬಿಕೊಂಡು ತಲೆ ತಗ್ಗಿಸಿದಳು. ದಾನಿಯೇಲ "ಮಾಮಾ..." ಎಂದು ನನ್ನತ್ತ ತಿರುಗಿದ. ಅವನ ಮುಖ ನೋಡಿದಾಗ ನನಗೆ ಅರ್ಥವಾಯಿತು. ಇಷ್ಟು ದಿನ ನಾನು ಸೈತಾನನನ್ನು ಚಹಾದ ಕಪ್ಪಿನಲ್ಲಿ ಹುಡುಕುತ್ತಿದ್ದೆ. ಅವನು ನನ್ನ ನಾಲಿಗೆಯ ಮೇಲೆ ಆರಾಮಾಗಿ ಕೂತಿದ್ದ!

ಖರೆ ಹೇಳೋಣವೆಂದರೆ ಬಾಯಿ ತೆರೆಯಲೊಲ್ಲದು. ಇಷ್ಟು ಜನರೆದುರು ಸುಳ್ಳುಗಾರನೆನ್ನಿಸಿಕೊಳ್ಳುವುದರ ಮುಂದೆ ಚಹಾ ಬಿಡುವುದು ಏನೇನೂ ಅಲ್ಲ. ಕರ್ತನೇ, ನನ್ನ ಕೈಲಾಗುತ್ತಿಲ್ಲ, ನೀನೇ ಬಾಯಿ ಬಿಡಿಸು ಎಂದು ಒಳಗೊಳಗೇ ಕೂಗಿಕೊಂಡೆ. ಎದೆ ಉಬ್ಬಿಸದೆ ಮಾಡಿದ ಮೊದಲ ಪ್ರಾರ್ಥನೆ ಅದು. ಬಾಯಿ ತೆರೆಯಿತು.

"ಅಣ್ಣೋರ, ನನಗ ಒಂದೂ ಬ್ಯಾನಿ ಇಲ್ರಿ. ಉಪವಾಸ ಅಂತ ಚಹಾ ಬಿಟ್ಟೀನಿ. ಯಾರಿಗೂ ಹೇಳಬಾರದಂತ ಹಟ ಹಿಡದು ಸುಳ್ಳು ಹೇಳಿದೆ. ತಪ್ಪು ನನ್ನದು. ಹುಡುಗಿ ನಮಗ ಬಂಗಾರದಂಥಾಕಿ."

ಯೋಹಾನಪ್ಪ ಕೈಲಿದ್ದ ಕಪ್ಪನ್ನು ತಾಟಿಗಿಟ್ಟು ನನ್ನತ್ತ ತಿರುಗಿದರು. "ಚಹಾ ಬಿಟ್ಟೋರು ಸುಳ್ಳೂ ಬಿಡಬಹುದಿತ್ತಲ್ರಿ?"

"ಅದು ಹೊಳೀಲಿಲ್ರಿ" ಎಂದೆ.

"ಈಗ ಹೇಳೋದು ಖರೆ ಅಂತ ಹ್ಯಾಂಗ ನಂಬೋದು?"

ಸುವಾರ್ತಾ ಧಡಕ್ಕನೆ ನನ್ನ ಕಡೆ ತಿರುಗಿದಳು. "ಮತ್ತ ನಾ ದಿನಾ ಮಾಡಿಕೊಟ್ಟ ಚಹಾ ಎಲ್ಲಿ ಹೋತು?"

"ಕರಿಬೇವಿನ ಬುಡಕ್ಕ" ಎಂದೆ.

"ಅಯ್ಯಯ್ಯ! ಬಿಸಿ ಬಿಸಿ ಸುರವಿ ಗಿಡ ಕೊಂದ್ರೇನ್ರೀ! ಯಾರ ದೃಷ್ಟಿ ತಾಗ್ಯದೋ ಅಂತ ನಾ ಓಣಿ ಮಂದಿನ್ನೆಲ್ಲ ಬೈದೀನಲ್ರೀ!"

ಮೊದಲು ನಕ್ಕವಳು ರೂತ್. ಆಮೇಲೆ ಅವಳ ತಾಯಿ. ಕೊನೆಗೆ ಯೋಹಾನಪ್ಪನೂ ನಗು ತಡೆಯದೆ ದಾನಿಯೇಲನಿಗೆ, "ನೀನೂ ಮಾಮಾನಂಗ ಏನಪ?" ಎಂದರು.

"ಇಲ್ರಿ. ನನಗ ಇನ್ನ ಚಹಾನೂ ಬಿಡಲಿಕ್ಕ ಬಂದಿಲ್ಲ" ಎಂದು ಅವನು ತಾಟಿನಿಂದ ತನ್ನ ಕಪ್ಪನ್ನು ಎತ್ತಿ ಒಂದೇ ಗುಟುಕಿಗೆ ಮುಗಿಸಿದ. ಮಾತು ಪಕ್ಕಾ ಆಯಿತು. ಯೋಹಾನಪ್ಪನೇ ಪ್ರಾರ್ಥನೆ ಮಾಡಿದರು. ನನಗೆ ಮಾಡೆಂದು ಹೇಳಲಿಲ್ಲ, ಹೇಳದಿದ್ದದ್ದು ಒಳ್ಳೆಯದೇ ಆಯಿತು.

ಗುಟ್ಟಿನ ಉಪವಾಸದ ಸುದ್ದಿ ಉಮರ್ಗಾ, ನಿಲಂಗಾ ದಾಟಿ ನನಗಿಂತ ಮೊದಲೇ ಉದಗೀರ ಮುಟ್ಟಿತ್ತು. ಬರುಬರುತ್ತ ಅದರೊಳಗಿನ ಸುಳ್ಳೆಲ್ಲ ಉದುರಿ ಬರೀ ಭಕ್ತಿಯೇ ಉಳಿದಿತ್ತು! ಈಸ್ಟರ್ ಮುಗಿದು ಮದುವೆಯ ದಿನ ಬೆಳಿಗ್ಗೆ ಚಪ್ಪರದಲ್ಲಿ ಎಲ್ಲರಿಗೂ ಚಹಾ ಹಂಚುತ್ತಿದ್ದ ಹೆಣ್ಣುಮಗಳು ನನ್ನ ಮುಂದೆ ನಿಂತಳು. ಹಿಂದಿನಿಂದ ಒಬ್ಬಾಕೆ ಅವಳ ಕೈ ಹಿಡಿದು, "ಏ, ಅವರಿಗೆ ಕೊಡಬ್ಯಾಡ. ಅವರು ದೊಡ್ಡ ಭಕ್ತರು, ಚಹಾ ಮುಟ್ಟಂಗಿಲ್ಲ" ಎಂದಳು. ಸಾಲಿನವರೆಲ್ಲ ನನ್ನನ್ನು ಗೌರವದಿಂದ ನೋಡಿದರು. ಆಹಾ, ಎಂಥ ಗೌರವ! ಸುಮ್ಮನೆ ಕಣ್ಣು ಮುಚ್ಚಿ ಕೂತಿದ್ದರೂ ಸಾಕಿತ್ತು.

ಮತ್ತೆ ಒಳಗೊಳಗೇ ಕರ್ತನನ್ನು ಕರೆದೆ.

"ತಂಗಿ, ಅದೆಲ್ಲ ಸುಳ್ಳವಾ" ಎಂದೆ. "ಎರಡು ಕಪ್ ಕೊಡು."