ಕುರಿಗಳಿಗಾಗಿ ಮಲಗಿದೆ, ರಾಜ್ಯಕ್ಕಾಗಿ ಎತ್ತಿದರು

ಪ್ರತ್ಯೇಕ ತೆಲಂಗಾಣ ರಾಜ್ಯದ ಹೋರಾಟ ಕಾವೇರಿದ್ದ ದಿನಗಳು. ನಾನು ಕರ್ನಾಟಕದ ಗಡಿಗಂಟಿದ ನಾರಾಯಣಪೇಟೆಯಿಂದ ಹೈದರಾಬಾದಿನ ಪತ್ರಿಕೆಯೊಂದಕ್ಕೆ ಸುದ್ದಿ, ಫೋಟೊ ಎರಡನ್ನೂ ಕಳಿಸುತ್ತಿದ್ದೆ. ಅಲ್ಲಿ ಫೋಟೊಗ್ರಾಫರ್ ಹುದ್ದೆ ಖಾಲಿಯಾಯಿತು. ಕಾಯಂ ಕೆಲಸ! ನನ್ನ ಅತ್ಯುತ್ತಮ ಫೋಟೊಗಳನ್ನು ಆರಿಸಿ ಕಳಿಸಿ, ಆಗಲೇ ಕೆಲಸ ಸಿಕ್ಕವನಂತೆ ಓಡಾಡತೊಡಗಿದೆ.

ಸಂಪಾದಕರು ಫೋನ್ ಮಾಡಿದರು.

"ಒಂದೇ ಫೋಟೊನ ಇಷ್ಟು ಸಲ ಯಾಕೆ ಕಳಿಸಿದ್ದೀರಿ?"

ಅವು ಕೋಸಗಿ, ಧನ್ವಾಡ, ಗದ್ವಾಲಗಳ ಬೇರೆ ಬೇರೆ ಧರಣಿಗಳೆಂದು ವಿನಯದಿಂದ ತಿಳಿಸಿದೆ. ಎಲ್ಲದರಲ್ಲೂ ಸಾಲಾಗಿ ನಿಂತ ಜನ, ಮುಂದೆ ಬ್ಯಾನರ್, ಮೇಲೆ ಮುಷ್ಟಿ. ಅದು ನಿಜ.

"ವೈವಿಧ್ಯ ಬೇಕು. ಹತ್ತಿರ ಹೋಗಿ ತೆಗೀರಿ, ಬೇರೆ ಬೆಳಕಲ್ಲಿ ತೆಗೀರಿ. ಯಾವಾಗಲೂ ನಿಂತುಕೊಂಡೇ ತೆಗೀಬೇಡಿ! ಒಂದು ವಾರ ಕೊಡ್ತೀನಿ."

ಇದೇನು ಮಹಾ ಎಂದುಕೊಂಡೆ.

ಮೊದಲು ಹತ್ತಿರ ಹೋದೆ. ಪಕ್ಕದ ಓಣಿಯಲ್ಲಿ ಸೀರೆ ನೇಯುವ ಈರಮ್ಮನ ಬೆರಳುಗಳಿಗೆ ಕ್ಯಾಮರಾ ಹಿಡಿದೆ.

"ಮಾರಿ ಬಿಟ್ಟು ಬರೇ ಕೈ ಯಾಕ ತೆಗಿತಿಯಪ್ಪಾ? ಪೊಲೀಸ್ರಿಗೆ ಕೊಡ್ತಿಯೇನು?" ಎಂದು ಆಕೆ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಸೆರಗಿನ ಫೋಟೊ ಬಂತು.

ಮುಂದಿನದು ಬೆಳಕು. ಮುಳುಗುವ ಸೂರ್ಯನ ಮುಂದೆ ಹೆಂಡತಿ ಶರಣಮ್ಮನನ್ನು ನಿಲ್ಲಿಸಿದೆ. ಫೋಟೊ ನೋಡಿ ಅವಳು ಕೇಳಿದಳು: "ಇದರಾಗ ನಾ ಎಲ್ಲಿದ್ದೀನ್ರೀ? ರೊಟ್ಟಿ ಹಂಚು ನಿಂತಂಗ ಐತಿ!"

ಉಳಿದದ್ದು ನಿಂತುಕೊಳ್ಳದೆ ತೆಗೆಯುವ ವಿಧಾನ. ಶರಣಮ್ಮನನ್ನು ಬೈಕಿನಲ್ಲಿ ಕೂರಿಸಿಕೊಂಡು ಮಕ್ತಲದ ಅವಳ ತವರಿಗೆ ಹೊರಟಿದ್ದೆ. ದಾರಿಗೆ ಅಡ್ಡವಾಗಿ ಕುರಿ ಹಿಂಡು ಬಂತು. ಬೈಕ್ ನಿಲ್ಲಿಸಿ, ರಸ್ತೆಯ ಮೇಲೆ ಬೋರಲು ಮಲಗಿದೆ. ಕುರಿಗಳ ಕಾಲುಗಳ ನಡುವೆ ಆಕಾಶ! ಕೆಲಸ ಸಿಕ್ಕಿತು ಎಂದುಕೊಂಡೆ.

ನನ್ನನ್ನು ಕಂಡು ಕುರಿಗಳು ಬೆದರಿ ನಿಂತವು. ಹಿಂದೆ ಬಸ್ಸೂ ನಿಂತಿತು. ಕುರಿ ಕಾಯುವ ಬೀರಣ್ಣ ಓಡಿ ಬಂದ.

"ಏಳ್ರಿ ಸಾರ್, ಬಸ್ ಬಂದೈತಿ!"

"ಆಗಂಗಿಲ್ಲ! ನಾ ಅಂದ್ಕೊಂಡಿದ್ದು ಸಿಗೂತನ ಏಳಂಗಿಲ್ಲ!"

ನಾನು ಹೇಳಿದ್ದು ಫೋಟೊದ ಬಗ್ಗೆ. ಬಸ್ಸಿನವರು ಕೇಳಿಸಿಕೊಂಡದ್ದು ರಾಜ್ಯದ ಬಗ್ಗೆ.

"ಸಿಗೂತನ ಏಳಂಗಿಲ್ಲಂತ! ರಾಸ್ತಾ ರೋಕೋ!" ಎಂದು ಒಬ್ಬ ಇಳಿದು ಪಕ್ಕದಲ್ಲಿ ಕೂತ. ಆಮೇಲೆ ಇಡೀ ಬಸ್ಸು ಇಳಿಯಿತು. ಕಂಡಕ್ಟರೂ ಕೂತ. ಜೈ ತೆಲಂಗಾಣ!

"ಏಳ್ರಿ, ಅವ್ವ ಹೋಳಿಗಿ ಮಾಡ್ಕೊಂಡು ಕುಂತಾಳ," ಎಂದಳು ಶರಣಮ್ಮ.

"ಅಕ್ಕಾ, ಅಣ್ಣಗ ಅಡ್ಡ ಬರಬ್ಯಾಡ್ರಿ," ಎಂದಿತು ಜನ.

ಎದ್ದರೆ ದ್ರೋಹಿ, ಮಲಗಿದರೆ ಆರೋಪಿ. ಮಲಗಿಯೇ ಇದ್ದೆ.

ಪೊಲೀಸರು ಬಂದು ಕೈಕಾಲು ಹಿಡಿದು ಎತ್ತಿದರು. ಕ್ಯಾಮರಾ ಶರಣಮ್ಮನ ಕೈಗೆ ತುರುಕಿ, "ಜ್ವಾಕಿ! ಯಾವ ಗುಂಡಿನೂ ಒತ್ತಬ್ಯಾಡ!" ಎಂದು ಕೂಗಿದೆ. ಅವಳು ಒತ್ತಿದಳು.

ಠಾಣೆಯಲ್ಲಿ ಜಮೇದಾರರಿಗೆ ಕುರಿಗಳ ಫೋಟೊ ತೆಗೆಯುತ್ತಿದ್ದೆನೆಂದು ಹೇಳಿಕೆ ಕೊಟ್ಟೆ.

"ಪೇಪರ್‌ನೋರು ನೀವು, ಇನ್ನೊಂಚೂರು ಚಲೋ ಸುಳ್ಳು ಹೇಳ್ರಲಾ," ಎಂದು ಬೇಸರಪಟ್ಟು, ಸಂಜೆ ಬಿಟ್ಟರು.

ವಾರ ಮುಗಿದಿತ್ತು. ಅವಸರದಲ್ಲಿ ಕ್ಯಾಮರಾದೊಳಗೆ ಇದ್ದದ್ದನ್ನೆಲ್ಲ ಕಳಿಸಿಬಿಟ್ಟೆ. ಮರುದಿನವೇ ಸಂಪಾದಕರ ಫೋನ್ ಬಂತು.

"ಪೊಲೀಸರು ಹೊತ್ತೊಯ್ಯೋ ಫೋಟೊ ಅದ್ಭುತ! ಆ ಹೋರಾಟಗಾರನ ಮುಖದಲ್ಲಿ ಎಂಥ ಕಿಚ್ಚು! ಹೇಗೆ ತೆಗೆದಿರಿ?"

ಅದು ಕ್ಯಾಮರಾ ಕೆಳಗೆ ಬಿದ್ದೀತೆಂಬ ಕಿಚ್ಚು. ಆದರೆ ವರದಿಗಾರ ಸುಳ್ಳು ಹೇಳಬಾರದು.

"ತೆಗೆದದ್ದು ನನ್ನ ಹೆಂಡತಿ, ಸಾರ್."



"ಹಾಗಾದರೆ ಹುದ್ದೆಗೆ ಬೇರೆಯವರನ್ನ ನೋಡ್ತೀವಿ. ನೀವು ಬರವಣಿಗೆಯಲ್ಲೇ ಇರಿ. ಆ ಹೋರಾಟಗಾರನನ್ನ ಹುಡುಕಿ ಒಂದು ಸಂದರ್ಶನ ಕಳಿಸಿ."

ಆ ಹೋರಾಟಗಾರ ನಾನೇ ಎನ್ನದೆ, "ಆಗಲಿ ಸಾರ್" ಎಂದುಬಿಟ್ಟೆ. ಎರಡು ದಿನ ಯೋಚಿಸಿ ಶಿಸ್ತಾಗಿ ವರದಿ ಕಳಿಸಿದೆ: "ಪ್ರತಿಕ್ರಿಯೆಗಾಗಿ ಸಂಪರ್ಕಿಸಲು ಹಲವು ಬಾರಿ ಯತ್ನಿಸಿದರೂ ಅವರು ಮಾತಿಗೆ ಸಿಗಲಿಲ್ಲ."